ಎನ್‌ಜಿಒ ಕೆಲಸ ಅಂದ್ರೆ ಏನು? ಸಂಬಳ ಎಲ್ಲಿಂದ, ಲೆಕ್ಕ ಯಾರಿಗೆ?

ಮದುವೆ ಮನೆಯಲ್ಲಿ ಯಾರಾದರೂ "ಎಲ್ಲಿ ಕೆಲಸ?" ಎಂದಾಗ "ಎನ್‌ಜಿಒದಲ್ಲಿ" ಎಂದು ಹೇಳಿ ನೋಡಿ. ಮುಂದಿನ ಪ್ರಶ್ನೆ ಗ್ಯಾರಂಟಿ: "ಅದು ಸರಿ, ಹೊಟ್ಟೆಪಾಡಿಗೆ ಏನು ಮಾಡ್ತೀರಿ?" ಅದೇ ಪಂಕ್ತಿಯಲ್ಲಿ ಕೂತ ಇನ್ನೊಬ್ಬರು ಬೇರೆಯದೇ ಹೇಳುತ್ತಾರೆ: "ಅವರಿಗೇನು, ಫಾರಿನ್ ದುಡ್ಡು ಬರುತ್ತೆ ಬಿಡಿ." ಒಬ್ಬರ ಲೆಕ್ಕದಲ್ಲಿ ಸಂಬಳವೇ ಇಲ್ಲ, ಇನ್ನೊಬ್ಬರ ಲೆಕ್ಕದಲ್ಲಿ ಬೇಕಾದಷ್ಟಿದೆ. ಆ ದುಡ್ಡು ನಿಜವಾಗಿ ಎಲ್ಲಿಂದ ಬರುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ, ಅಷ್ಟೇ. ದುಡ್ಡಿನ ದಾರಿ ಹಿಡಿದು ಹೋದರೆ ಎನ್‌ಜಿಒ ಅಂದರೇನು, ಅಲ್ಲಿನ ಕೆಲಸ ಎಂಥದ್ದು ಎಂಬುದು ಬೇಗ ಅರ್ಥವಾಗುತ್ತದೆ.

ಈ ಹೆಸರು ಬಳಕೆಗೆ ಬಂದದ್ದು ವಿಶ್ವಸಂಸ್ಥೆಯಿಂದ. 1945ರ ಅದರ ಸನ್ನದಿನ 71ನೇ ವಿಧಿಯಲ್ಲಿ ಸರ್ಕಾರಗಳಲ್ಲದ ಸಂಸ್ಥೆಗಳ ಜೊತೆಗೂ ಸಮಾಲೋಚನೆ ಮಾಡಬಹುದು ಎಂಬ ಮಾತಿತ್ತು. ಅಲ್ಲಿಂದ ಎನ್‌ಜಿಒ ಲೋಕವೆಲ್ಲ ಹರಡಿತು. ಕನ್ನಡ ಪತ್ರಿಕೆಗಳು ಸರ್ಕಾರೇತರ ಸಂಸ್ಥೆ ಎಂದೂ ಸ್ವಯಂಸೇವಾ ಸಂಸ್ಥೆ ಎಂದೂ ಬರೆಯುತ್ತವೆ. ಊರಲ್ಲಿ ಜನ ಸುಮ್ನೆ "ಸಂಸ್ಥೆಯವರು ಬಂದಿದ್ದಾರೆ" ಅನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಡುವುದನ್ನು ಯಾರೂ ಎನ್‌ಜಿಒ ಎಂದು ಕರೆಯಲಿಲ್ಲ. ಅದು ದಾಸೋಹ.

ಕಾನೂನಿನಲ್ಲಿ ಎನ್‌ಜಿಒ ಎಂಬ ಹೆಸರಿನ ನೋಂದಣಿ ಇಲ್ಲ. ಮೂರು ದಾರಿ ಇವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಟ್ರಸ್ಟ್ ಮಾಡಬಹುದು. ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ಇಲ್ಲವೇ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನಡಿ, ಲಾಭ ಹಂಚಿಕೊಳ್ಳದ ಕಂಪನಿ ತೆರೆಯಬಹುದು. ಊರಿನ ಯುವಕ ಸಂಘ, ನೂರಾರು ಜನ ಕೆಲಸ ಮಾಡುವ ದೊಡ್ಡ ಸಂಸ್ಥೆ ಎರಡೂ ಒಂದೇ ಕಾಯ್ದೆಯಡಿ ಇರಬಹುದು. ಆಮೇಲೆ ಸಂಸ್ಥೆಗೆ ತೆರಿಗೆ ವಿನಾಯಿತಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಲು ಆದಾಯ ತೆರಿಗೆ ಇಲಾಖೆಯ ನೋಂದಣಿ (1961ರ ಕಾಯ್ದೆಯಲ್ಲಿ ಇವಕ್ಕೆ 12ಎ, 80ಜಿ ಎಂದು ಹೆಸರು), ಸರ್ಕಾರದ ಅನುದಾನ ಬೇಕಾದರೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ನಂಬರ್. ಈ ಕಾಗದಗಳನ್ನೆಲ್ಲ ಜೋಡಿಸಿಕೊಂಡ ಮೇಲೆಯೇ ದುಡ್ಡಿನ ಮಾತು.

ಲಾಭಕ್ಕಲ್ಲದ ಸಂಸ್ಥೆ ಎಂದರೆ ಸಂಬಳ ಕೊಡದ ಸಂಸ್ಥೆ ಅಲ್ಲ. ಮಿಕ್ಕ ಹಣವನ್ನು ಸದಸ್ಯರು, ಟ್ರಸ್ಟಿಗಳು ಹಂಚಿಕೊಳ್ಳುವಂತಿಲ್ಲ ಎಂದಷ್ಟೇ ಅದರ ಅರ್ಥ. ಲೆಕ್ಕಿಗ, ಡ್ರೈವರ್, ಶಿಕ್ಷಕಿ, ನರ್ಸ್, ಹಳ್ಳಿಹಳ್ಳಿ ತಿರುಗುವ ಕಾರ್ಯಕರ್ತೆ, ಇವರಿಗೆಲ್ಲ ಸಂಬಳ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಸಂಬಳ ಪಡೆಯದವರು ಸ್ವಯಂಸೇವಕರು. ಶನಿವಾರ ಬಂದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಸಾಫ್ಟ್‌ವೇರ್ ಹುಡುಗ ಸ್ವಯಂಸೇವಕ. ಸೋಮವಾರದಿಂದ ಶುಕ್ರವಾರದವರೆಗೆ ಆ ಮಕ್ಕಳು ಶಾಲೆ ಬಿಡದಂತೆ ಮನೆಮನೆಗೆ ಹೋಗುವವರು ನೌಕರರು. ಫೋಟೋ ಮಾತ್ರ ಶನಿವಾರದ್ದೇ ಜಾಸ್ತಿ ಬರುತ್ತೆ.

ಸ್ವಯಂಸೇವೆ ಎಂಬ ಹೆಸರನ್ನು ಉಪಯೋಗಿಸಿಕೊಳ್ಳುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. ಆಶಾ ಕಾರ್ಯಕರ್ತೆಯರು ಎನ್‌ಜಿಒದವರಲ್ಲ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಜೀವಾಳ ಅವರು. ಆದರೂ ಸರ್ಕಾರಿ ಕಡತದಲ್ಲಿ ಅವರು ಸ್ವಯಂಸೇವಕಿಯರು. ಹಾಗಾಗಿ ಅವರಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ ಮತ್ತು ಗೌರವಧನ. ಈ ಗೌರವಧನ ಎಂಬುದು ಸಂಸ್ಥೆಗಳಲ್ಲೂ ಉಂಟು. ದಿನವಿಡೀ ಕೆಲಸ ತೆಗೆದುಕೊಂಡು ತಿಂಗಳ ಕೊನೆಗೆ ಗೌರವಧನ ಅಂದರೆ, ಗೌರವ ಜಾಸ್ತಿ, ಧನ ಕಮ್ಮಿ ಎಂದೇ ತಿಳಿಯಬೇಕು.

ಈಗ ದುಡ್ಡಿನ ಮೂಲಕ್ಕೆ ಬರೋಣ. ಸಂಸ್ಥೆಗೆ ಹಣ ಬರುವ ದಾರಿ ಮುಖ್ಯವಾಗಿ ನಾಲ್ಕು: ಜನರ ದಾನ, ಸರ್ಕಾರದ ಅನುದಾನ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ), ವಿದೇಶಿ ದೇಣಿಗೆ. ಒಂದೊಂದು ದುಡ್ಡಿಗೂ ಒಂದೊಂದು ಸ್ವಭಾವ. ಯಾವ ದುಡ್ಡು ಬಂದಿದೆಯೋ ಅದರ ಸ್ವಭಾವವೇ ಅಲ್ಲಿನ ಕೆಲಸಕ್ಕೂ ಅಂಟಿಕೊಳ್ಳುತ್ತದೆ.

ಸಿಎಸ್‌ಆರ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪನಿ ಇರುವ ಸುತ್ತಮುತ್ತಲ ಜಾಗಕ್ಕೆ ಆದ್ಯತೆ ಕೊಡಿ ಎಂದೂ ಕಾನೂನಿನಲ್ಲಿದೆ. ಇದರ ಫಲ ಊಹಿಸುವುದು ಕಷ್ಟವಲ್ಲ. ಕಂಪನಿಗಳು ತುಂಬಿರುವ ಬೆಂಗಳೂರಿನ ಅಂಚಿನ ಶಾಲೆಗೆ ಬಣ್ಣ ಬಳಿಯಲು ಸಾಲು ನಿಲ್ಲುತ್ತಾರೆ. ಯಾದಗಿರಿಯ ಒಳಹಳ್ಳಿಯ ಶಾಲೆಗೆ ದಾನಿ ಹುಡುಕಬೇಕು. ಜೊತೆಗೆ ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರುವರಿಯಲ್ಲಿ ಹಣ ಬಿಡುಗಡೆಯಾಗಿ, ಮಾರ್ಚ್ ಒಳಗೆ ಖರ್ಚು ತೋರಿಸಿ ಎಂದರೆ ಏನಾಗುತ್ತದೆ? ಬೆಂಚು, ಬ್ಯಾಗು, ಟ್ಯಾಬ್ ಕೊಳ್ಳುವುದು ಸುಲಭ. ಕುಡಿತದ ಮನೆಯ ಹುಡುಗಿಯನ್ನು ಎಸ್ಸೆಸ್ಸೆಲ್ಸಿ ದಾಟಿಸುವುದು ಎರಡು ತಿಂಗಳ ಕೆಲಸವಲ್ಲ.

ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಎಂಬ ಕಾನೂನಿದೆ. ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. 2010ರಲ್ಲಿ ಹೊಸ ಕಾಯ್ದೆ ಬಂತು. 2020ರ ತಿದ್ದುಪಡಿ ಅದನ್ನು ತುಂಬಾ ಬಿಗಿ ಮಾಡಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್‌ನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದಾಟಿಸುವಂತಿಲ್ಲ ಎಂಬುದು ಸಣ್ಣವರಿಗೆ ಬಿದ್ದ ಪೆಟ್ಟು. ಮೊದಲು ದೊಡ್ಡ ಸಂಸ್ಥೆ ಹಣ ತರುತ್ತಿತ್ತು, ವಿದೇಶಿ ದಾನಿಗೆ ಇಂಗ್ಲಿಷಿನಲ್ಲಿ ವರದಿ ಬರೆಯಲು ಬಾರದ ಹಳ್ಳಿಯ ಸಂಘಕ್ಕೆ ಅದರಲ್ಲಿ ಒಂದು ಪಾಲು ಕೊಡುತ್ತಿತ್ತು. ಆ ದಾರಿ ಮುಚ್ಚಿತು.

ಹೊರದೇಶದ ಕನ್ನಡಿಗರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇಲ್ಲಿದೆ. ನೀವು ಅಮೆರಿಕದಲ್ಲಿದ್ದು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ದಾನ ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆಯೇ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಹುಟ್ಟೂರಿನ ಸಂಘದ ಖಾತೆಗೆ ಪ್ರೀತಿಯಿಂದ ಹಾಕಿದ ದುಡ್ಡು ಆ ಸಂಘಕ್ಕೆ ನೋಟಿಸ್ ತರಬಹುದು.

ಆಡಳಿತ ಖರ್ಚು ಎಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ದಾನಿಗಳು ಹೆಚ್ಚಾಗಿ ಕೇಳುವುದು ಇದನ್ನೇ: "ನನ್ನ ನೂರು ರೂಪಾಯಿಯಲ್ಲಿ ಮಕ್ಕಳಿಗೆ ಎಷ್ಟು ಹೋಗುತ್ತೆ?" ಕೇಳುವುದು ನ್ಯಾಯವೇ. ಆದರೆ ಪ್ರಶ್ನೆಯ ಒಳಗೆ ಒಂದು ತಿರುವು ಇದೆ. ಮಕ್ಕಳಿಗೆ ಹೋಗುವುದು ಪುಸ್ತಕ ಮಾತ್ರವಾ, ಟೀಚರ್ ಅಲ್ವಾ? ಎಫ್‌ಸಿಆರ್‌ಎ ನಿಯಮವೇ ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳವನ್ನು ಆಡಳಿತ ಖರ್ಚಿನಿಂದ ಹೊರಗಿಟ್ಟಿದೆ. ಸಿಎಸ್‌ಆರ್‌ನಲ್ಲಿರುವ ಶೇ 5ರ ಮಿತಿಯೂ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಹಾಕಿದ್ದು. ಅದನ್ನೇ ಸಂಸ್ಥೆಯ ತಲೆಗೆ ಕಟ್ಟಿ, "ನಿಮಗೂ ಶೇ 5 ಮಾತ್ರ" ಅನ್ನುವವರಿದ್ದಾರೆ. ಹಾಗೆ ಹೇಳಿಸಿಕೊಂಡ ಸಂಸ್ಥೆ ಮೊದಲು ಕತ್ತರಿ ಹಾಕುವುದು ಸಂಬಳಕ್ಕೆ. ಲೆಕ್ಕದವಳೊಬ್ಬಳೇ ಮೂರು ಪ್ರಾಜೆಕ್ಟಿನ ವೋಚರ್ ಬರೆಯುತ್ತಾಳೆ. ಆಡಿಟ್‌ನಲ್ಲಿ ತಪ್ಪು ಸಿಕ್ಕರೆ "ಈ ಎನ್‌ಜಿಒಗಳೇ ಹೀಗೆ" ಎಂಬ ಮಾತು. ಕಳ್ಳ ಸಂಸ್ಥೆಗಳು ಇಲ್ಲವೇ ಇಲ್ಲ ಎಂದಲ್ಲ, ಖಂಡಿತ ಇವೆ. ಆದರೆ ಅಂಥವರನ್ನು ಹಿಡಿಯಬೇಕಾದರೂ ಒಳ್ಳೆಯ ಲೆಕ್ಕಿಗ ಬೇಕು.

ಸಂಸ್ಥೆಯ ಒಳಗೆ ಕಿವಿಗೆ ಬೀಳುವ ಮಾತುಗಳು ಕೆಲವೇ. ಫೀಲ್ಡ್ ಎಂದರೆ ಕೆಲಸ ನಡೆಯುವ ಹಳ್ಳಿ ಅಥವಾ ಕೊಳೆಗೇರಿ. ಪ್ರಾಜೆಕ್ಟ್ ಎಂದರೆ ಇಷ್ಟು ತಿಂಗಳು, ಇಷ್ಟು ಹಣ, ಇಷ್ಟು ಗುರಿ ಎಂದು ಕಟ್ಟಿಕೊಟ್ಟ ಗಂಟು. ಬೇಸ್‌ಲೈನ್ ಎಂದರೆ ಶುರುವಿನಲ್ಲಿ ಪರಿಸ್ಥಿತಿ ಹೇಗಿತ್ತು ಎಂಬ ಸಮೀಕ್ಷೆ. ಯುಸಿ ಎಂದರೆ ಹಣ ಬಳಸಿದ್ದಕ್ಕೆ ಪ್ರಮಾಣಪತ್ರ. ಫಲಾನುಭವಿ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಮಾತು ನನಗಂತೂ ಹಿಡಿಸದು, ಕೈ ಚಾಚಿ ನಿಂತವರ ಹಾಗೆ ಕೇಳಿಸುತ್ತದೆ. ದಿನದ ಕೆಲಸಕ್ಕೆ ಹತ್ತರಿಂದ ಐದರ ಲೆಕ್ಕವಿಲ್ಲ. ಹೆಂಗಸರು ಕೂಲಿ ಮುಗಿಸಿ, ಅಡುಗೆ ಮಾಡಿ ಕೂರುವುದು ರಾತ್ರಿ ಎಂಟಕ್ಕೆ. ಸಂಘದ ಸಭೆ ಆಗಲೇ. ಅದು ಮುಗಿಸಿ ಕತ್ತಲಲ್ಲಿ ಬೈಕ್ ಹತ್ತಬೇಕು, ಬೆಳಿಗ್ಗೆ ಎದ್ದು ದಾನಿ ಕಂಪನಿಯ ಬ್ಯಾನರ್ ಕಾಣುವಂತೆ ತೆಗೆದ ಫೋಟೋ ಕಳಿಸಬೇಕು.

ಪ್ರಾಜೆಕ್ಟಿನ ಗಂಟು ಬಿಗಿಯಾಗಿಲ್ಲದಿದ್ದರೆ ಏನು ಸಾಧ್ಯ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮೈರಾಡ ಎಂಬ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನೆಲೆ ಕೊಡಿಸಲು. ಹೆಸರಿನಲ್ಲೇ ಮೈಸೂರು ಮತ್ತು ಪುನರ್ವಸತಿ ಅಡಗಿವೆ. ಆಮೇಲೆ ಅದು ಬರಪೀಡಿತ ಹಳ್ಳಿಗಳ ಬಡವರ ಕಡೆ ತಿರುಗಿತು. ಅದು ಬೆಳೆಸಿದ ದೊಡ್ಡ ಸಹಕಾರ ಸಂಘಗಳು 1980ರ ದಶಕದ ಮಧ್ಯದಲ್ಲಿ ಒಡೆಯತೊಡಗಿದವು. ದೊಡ್ಡವರು ಹಿಡಿತ ಸಾಧಿಸಿದ್ದರು, ಬಡ ಸದಸ್ಯರಿಗೆ ನಂಬಿಕೆ ಹೋಗಿತ್ತು. ಹೊರಬಂದ ಬಡವರು ಸುಮ್ಮನೆ ಮನೆಗೆ ಹೋಗಲಿಲ್ಲ. ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ತಮ್ಮ ತಮ್ಮಲ್ಲೇ ಗುಂಪಾದರು, ಸಾಲ ಹಿಂತಿರುಗಿಸುತ್ತೇವೆ, ಹೀಗೇ ನಡೆಯಲು ಬಿಡಿ ಎಂದರು. ಅಲ್ಲಿನ ಸಿಬ್ಬಂದಿ ಇದನ್ನು ಸೋಲು ಎಂದು ವರದಿ ಬರೆದು ಮುಗಿಸಬಹುದಿತ್ತು. ಬದಲಿಗೆ ಆ ಗುಂಪುಗಳ ಜೊತೆ ಕೂತರು. ಸಭೆ ನಡೆಸುವುದು, ಪುಸ್ತಕ ಬರೆಯುವುದು ಕಲಿಸಿದರು. ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಈ ಪ್ರಯೋಗಕ್ಕೆ ಬೆಂಬಲ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇವತ್ತು ದೇಶದ ತುಂಬ ಇರುವ ಸ್ವಸಹಾಯ ಸಂಘಗಳ, ನಮ್ಮ ಸ್ತ್ರೀಶಕ್ತಿ ಗುಂಪುಗಳ ಹಿಂದೆ ಈ ಕಥೆಯೂ ಇದೆ. ಸಂಘ ಒಡೆಯುವುದು ಯಾವ ಪ್ರಾಜೆಕ್ಟಿನ ಗುರಿಪಟ್ಟಿಯಲ್ಲೂ ಇರುವುದಿಲ್ಲ. ಫೀಲ್ಡಿನಲ್ಲಿ ಸಂಬಳ ಪಡೆಯುವ ಜನ ವರ್ಷಗಟ್ಟಲೆ ಇದ್ದದ್ದಕ್ಕೇ ಅದು ಅವರ ಕಣ್ಣಿಗೆ ಬಿತ್ತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸೋಲಿಗರಿಗಾಗಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಜೊತೆಗಾರರು 1984ರಲ್ಲಿ ಶುರು ಮಾಡಿ ಎಚ್.ಡಿ. ಕೋಟೆ ಕಡೆ ಬೆಳೆಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಇವೂ ನಿಧಾನವಾಗಿ ಬೆಳೆದವೇ. ಕಟ್ಟಿದವರ ಹೆಸರು ನಮಗೆ ಗೊತ್ತು. ಅಲ್ಲಿ ವರ್ಷಾನುಗಟ್ಟಲೆ ದುಡಿದ ನರ್ಸ್, ಮೇಷ್ಟ್ರು, ಅಡುಗೆಯವರ ಹೆಸರು ಗೊತ್ತಿಲ್ಲ.

ಹಾಗಾದರೆ ಅವರೆಲ್ಲ ಕಾನೂನಿನ ಕಣ್ಣಿಗೆ ಕಾರ್ಮಿಕರಾ, ಸೇವಕರಾ? ಇದಕ್ಕೂ ಬೆಂಗಳೂರಿಗೂ ನಂಟಿದೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಮುಂದೆ ಬಂತು. ಪ್ರಶ್ನೆ ಇದ್ದದ್ದು ಕಾರ್ಮಿಕ ಕಾನೂನಿನಲ್ಲಿ ಉದ್ಯಮ ಎಂದರೇನು ಎಂಬುದು. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದನ್ನು ಪಕ್ಕಕ್ಕಿಟ್ಟರು. ಮಾಲೀಕ, ನೌಕರ ಇದ್ದು, ವ್ಯವಸ್ಥಿತವಾಗಿ ಕೆಲಸ ನಡೆದು, ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಹೊರಬರುತ್ತಿದ್ದರೆ ಅದು ಉದ್ಯಮ. ದಾನ ಮಾಡುವವನು ಮಾಲೀಕ, ನೌಕರನಲ್ಲ ಎಂಬ ವಾದದ ಸಾರ ಅದರಲ್ಲಿದೆ. ಆಶ್ರಮದ ಹಾಗೆ, ಸ್ವಂತ ಇಚ್ಛೆಯಿಂದ ಪುಕ್ಕಟೆಯಾಗಿ ಅಥವಾ ಅಲ್ಪ ಗೌರವಧನಕ್ಕೆ ದುಡಿಯುವ ಕಡೆಗೆ ಮಾತ್ರ ವಿನಾಯಿತಿ. 1982ರಲ್ಲಿ ಸಂಸತ್ತು ಈ ಅರ್ಥ ಬದಲಿಸಿ ದತ್ತಿ ಸಂಸ್ಥೆಗಳನ್ನು ಹೊರಗಿಡಲು ತಿದ್ದುಪಡಿ ಮಾಡಿತು, ಆದರೆ ಆ ಭಾಗ ಜಾರಿಗೇ ಬರಲಿಲ್ಲ. ಕೊನೆಗೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ದಾನಧರ್ಮದ ಸಂಸ್ಥೆಗಳನ್ನು ಉದ್ಯಮದ ಅರ್ಥದಿಂದ ಹೊರಗಿಟ್ಟಿತು. ನನಗೆ 1978ರ ಮಾತೇ ಸರಿ ಎನಿಸುತ್ತದೆ. ಧರ್ಮಾಸ್ಪತ್ರೆಯ ಆಯಾಗೂ ತಿಂಗಳಿಗೊಮ್ಮೆ ಬಾಡಿಗೆ ಕಟ್ಟುವುದು ತಪ್ಪುವುದಿಲ್ಲ.

ಆದ್ದರಿಂದ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಸಂಸ್ಥೆ ಸೇರುವವರು ಸಂದರ್ಶನದಲ್ಲಿ ನಾಚಿಕೊಳ್ಳದೆ ಕೆಲವು ಪ್ರಶ್ನೆ ಕೇಳಬೇಕು. ನನ್ನ ಸಂಬಳ ಯಾವ ಪ್ರಾಜೆಕ್ಟಿನಿಂದ? ಅದು ಯಾವ ತಿಂಗಳು ಮುಗಿಯುತ್ತದೆ? ಮುಂದಿನ ಕಂತು ತಡವಾದರೆ ಸಂಬಳವೂ ತಡವಾ? ನೇಮಕಾತಿ ಪತ್ರದಲ್ಲಿ ಸಂಬಳ ಎಂದಿದೆಯಾ, ಗೌರವಧನ ಎಂದಿದೆಯಾ? ಪಿಎಫ್ ಕಟ್ಟುತ್ತೀರಾ? ಪೆಟ್ರೋಲ್ ಖರ್ಚು ಬೇರೆಯಾ, ಸಂಬಳದಲ್ಲೇ ಸೇರಿದೆಯಾ? ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಸಿಬ್ಬಂದಿ ಇದ್ದರೆ ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಇದೆಯಾ? ಆ ಕಿರುಕುಳ ತಡೆಯುವ 2013ರ ಕಾಯ್ದೆ ಎನ್‌ಜಿಒ, ಟ್ರಸ್ಟ್, ಸಂಘಗಳನ್ನು ಹೆಸರಿಟ್ಟೇ ಸೇರಿಸಿಕೊಂಡಿದೆ. ಇದನ್ನೆಲ್ಲ ಕೇಳಿದ್ದಕ್ಕೆ "ಸೇವೆ ಮಾಡಲು ಬಂದವರು ಹೀಗೆಲ್ಲ ಕೇಳುತ್ತಾರಾ?" ಎಂದು ಮುಖ ಸಿಂಡರಿಸಿದರೆ, ಹಿಂದಿನ ಎರಡು ವರ್ಷದ ಆಡಿಟ್ ವರದಿಯನ್ನೂ ಕೇಳಿ ನೋಡಿ. ಲೆಕ್ಕ ಸರಿಯಿರುವವರು ಅದನ್ನು ತೋರಿಸಲು ಹಿಂಜರಿಯುವುದಿಲ್ಲ.