ಸೆಟ್ ಸತ್ತಿಲ್ಲ, ಕಪ್ಪು ವೈರ್ ನೋಡಿ

ಜೂನ್ ಕೊನೆಯ ವಾರ, ಜಡಿಮಳೆ. ಸಾಗರದ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಕಾರು ತಂದು ನಮ್ಮ ಶೆಡ್ ಮುಂದೆ ನಿಲ್ಲಿಸಿದರು. ಕಾರಿನಲ್ಲಿ ಹಾಡು ಕೇಳುವ ಸ್ಟೀರಿಯೊ ಸೆಟ್ ಆನ್ ಆಗುತ್ತಿರಲಿಲ್ಲ. "ಸೆಟ್ ಹೋಯ್ತು ಮಾರಾಯ, ಹೊಸದು ಹಾಕ್ಬಿಡು" ಅಂದರು. ಬೇರೆ ಕಡೆ ಆಗಲೇ ತೋರಿಸಿದ್ದರಂತೆ. ಅಲ್ಲಿ ಮೀಟರ್ ಹಿಡಿದು, ಕರೆಂಟ್ ಸರಿಯಾಗಿ ಬರ್ತಿದೆ, ಸೆಟ್ಟೇ ಹೋಗಿದೆ ಅಂದರಂತೆ.

"ಸ್ವಲ್ಪ ತಡೀರಿ ಮೇಷ್ಟ್ರೇ" ಅಂತ ಹೇಳಿ ಸೆಟ್ ಹೊರಗೆಳೆದೆ. ಹಿಂದೆ ವೈರ್‌ಗಳು ಬಂದು ಸೇರುವ ಕಪ್ಲರ್‌ನಲ್ಲಿ ಹಳದಿ ವೈರಿಗೂ ಕಪ್ಪು ವೈರಿಗೂ ಮೀಟರ್ ಇಟ್ಟರೆ ನಿಜಕ್ಕೂ 12.4 ವೋಲ್ಟ್ ತೋರಿಸಿತು. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್, ಅಂದರೆ ವೈರ್ ಕಟ್ಟಿದ ಸಣ್ಣ ಬಲ್ಬ್, ಕೊಟ್ಟೆ. ಬಲ್ಬ್ ಕೆಂಪಗೆ ಮಿಣಮಿಣ ಅಂತು, ಅಷ್ಟೇ. ಲ್ಯಾಂಪಿನ ಕ್ಲಿಪ್ಪನ್ನು ಕಪ್ಪು ವೈರಿಂದ ತೆಗೆದು ಡ್ಯಾಶ್‌ಬೋರ್ಡ್ ಒಳಗಿನ ಕಬ್ಬಿಣಕ್ಕೆ ಕಚ್ಚಿಸಿದೆ. ಜಗ್ ಅಂತ ಉರಿಯಿತು.

ಸೆಟ್ ಚೆನ್ನಾಗಿಯೇ ಇತ್ತು. ಹೋಗಿದ್ದು ಅರ್ತ್, ಅಂದರೆ ಕರೆಂಟ್ ಕಾರಿನ ಕಬ್ಬಿಣದ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ.

ಇದನ್ನು ಬಿಡಿಸಿ ಹೇಳಬೇಕು. ಏಕೆಂದರೆ ಸೆಟ್ ಹೋಗಿದೆ ಅಂತ ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಜಾಸ್ತಿ ತಪ್ಪು ತೀರ್ಮಾನ ಆಗುವುದು ಇಲ್ಲೇ. ಮೀಟರ್ ಓದಲು ಹೆಚ್ಚು ಕರೆಂಟ್ ಹರಿಯಬೇಕು ಅಂತಿಲ್ಲ, ಇಲ್ಲವೇ ಇಲ್ಲ ಅನ್ನುವಷ್ಟು ಸಾಕು. ವೈರಿನ ಹತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ 12 ವೋಲ್ಟ್ ತೋರಿಸುತ್ತದೆ. ಸೆಟ್‌ಗೆ ಅದು ಸಾಲದು. ಹಾಡು ಜೋರಾಗಿ ಇಟ್ಟಾಗ ಅದು ಹಲವು ಆಂಪಿಯರ್ ಎಳೆಯುತ್ತದೆ. ಟೆಸ್ಟ್ ಲ್ಯಾಂಪಿನ 5 ವ್ಯಾಟ್ ಬಲ್ಬ್ ಅರ್ಧ ಆಂಪಿಯರ್ ಹತ್ತಿರ ಎಳೆಯುತ್ತದೆ. ಅಷ್ಟು ಭಾರ ಬಿದ್ದ ಕೂಡಲೇ ಕೊಳೆತ ಜಾಯಿಂಟಿನ ಬಣ್ಣ ಬಯಲಾಗುತ್ತದೆ.

ಮೇಷ್ಟ್ರ ಕಾರಿನ ಕಪ್ಪು ವೈರನ್ನು ಹಿಡಿದು ಹೋದೆ. ಒಂದು ಗೇಣು ದೂರದಲ್ಲಿ ಟೇಪ್ ಸುತ್ತಿದ್ದ ಗಂಟು ಸಿಕ್ಕಿತು. ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು. ಹಿಂದೆ ಸೆಟ್ ಕೂರಿಸಿದವರು ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು. ನಮ್ಮ ಮಲೆನಾಡಿನ ಥಂಡಿಗೆ ಅಂಥ ಜಾಯಿಂಟ್ ಎಷ್ಟು ವರ್ಷ ತಡೆದೀತು? ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಅರ್ತ್ ಬೋಲ್ಟಿನ ಕೆಳಗಿನ ತುಕ್ಕನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿದೆ. ಕೀ ತಿರುಗಿಸಿದರೆ ಸೆಟ್ ಆನ್.

ಈಗ ನಿಮ್ಮ ಕಾರಿನ ವಿಷಯ. ಸೆಟ್ ಆನ್ ಆಗಲು ಬೇಕಾದ್ದು ಮೂರೇ ವೈರ್. ಹೊರಗಿನಿಂದ ತಂದು ಹಾಕಿಸುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ನೇರ ಬ್ಯಾಟರಿಯದ್ದು, ಅದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ವೈರ್. ಕಪ್ಪು ಅರ್ತ್. ಕಾರಿನ ಕಂಪನಿ ವೈರಿಂಗ್‌ನಲ್ಲಿ ಮಾತ್ರ ಬಣ್ಣ ನಂಬಬೇಡಿ, ಒಂದೊಂದು ಕಂಪನಿಯದ್ದು ಒಂದೊಂದು. ಇನ್ನೂ ಒಂದು ಮಾತು, ದಯವಿಟ್ಟು ನೆನಪಿಡಿ: ಸ್ಟೇರಿಂಗ್ ಕೆಳಗೆ ಹಳದಿ ಕವಚದ ವೈರ್, ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಲೇಬಾರದು. ಏರ್‌ಬ್ಯಾಗ್ ಸಿಡಿದರೆ ಮುಖಕ್ಕೇ ಬರುತ್ತದೆ.

ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿ ಹೋಗುತ್ತದಾ? ಹಾಗಾದರೆ ಹಳದಿ ಕೆಂಪು ಅದಲುಬದಲಾಗಿರಬಹುದು. ಬ್ಯಾಟರಿ ಬದಲಿಸಿದ ಮೇಲೆ ಪರದೆಯಲ್ಲಿ 'ಕೋಡ್' ಅಂತ ಬಂದರೆ ಅದು ಕಳ್ಳರ ಭಯಕ್ಕೆ ಇಟ್ಟ ಬೀಗ, ಗಾಡಿಯ ಪುಸ್ತಕದ ಜೊತೆ ಕೊಟ್ಟ ಕಾರ್ಡ್ ಹುಡುಕಿ. ಅಂದಾಜಿಗೆ ನಂಬರ್ ಒತ್ತುತ್ತಾ ಹೋದರೆ ಸೆಟ್ ಲಾಕ್ ಆಗಬಹುದು.

ಏನೂ ಬರುತ್ತಿಲ್ಲ, ಲೈಟೂ ಇಲ್ಲ ಅಂದರೆ ಮೊದಲು ಸಿಗರೇಟ್ ಲೈಟರ್ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಷ್ಟೋ ಕಾರುಗಳಲ್ಲಿ ಅದಕ್ಕೂ ಸೆಟ್‌ಗೂ ಒಂದೇ ಫ್ಯೂಸ್. ಎರಡೂ ಸತ್ತಿದ್ದರೆ ಫ್ಯೂಸ್ ಸುಟ್ಟಿದೆ ಅಂತಲೇ ಹುಡುಕಿ. ಸಾಕೆಟ್ ಒಳಗೆ ನಾಣ್ಯ ಬಿದ್ದು ಶಾರ್ಟ್ ಆಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೆಟ್ಟಿನ ಬೆನ್ನಿನಲ್ಲೂ ಒಂದು ಫ್ಯೂಸ್ ಇರುತ್ತದೆ, ಸಾಮಾನ್ಯವಾಗಿ ಕೆಂಪು 10 ಅಥವಾ ನೀಲಿ 15 ಆಂಪಿಯರಿನದ್ದು. ಅದನ್ನೂ ಕಿತ್ತು ಬೆಳಕಿಗೆ ಹಿಡಿದು ನೋಡಿ.

ಹೊಸ ಫ್ಯೂಸ್ ಹಾಕಿದ ತಕ್ಷಣ ಅದೂ ಹೋಯಿತಾ? ಅಲ್ಲಿಗೆ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ಇದನ್ನೆಲ್ಲ ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ. ಆ ವೈರ್ ಇರುವುದು ನಿಮ್ಮ ಮಕ್ಕಳು ಕೂರುವ ಕ್ಯಾಬಿನ್ ಒಳಗೆ. ಹೊಸ ಫ್ಯೂಸೂ ಕೂಡಲೇ ಹೋಯಿತು ಅಂದರೆ ಎಲ್ಲೋ ವೈರ್ ಕತ್ತರಿಸಿ ಕಾರಿನ ಕಬ್ಬಿಣಕ್ಕೆ ತಾಗುತ್ತಿರಬಹುದು. ನಮ್ಮ ಕಡೆ ಮಳೆ ಶುರುವಾದರೆ ಇಲಿಗಳು ಬೆಚ್ಚಗಿನ ಬಾನೆಟ್ ಒಳಗೆ ಸೇರಿಕೊಳ್ಳುತ್ತವೆ. ತೋಟದ ಮನೆಯ ಕಾರುಗಳಲ್ಲಂತೂ ಮೊದಲು ಇಲಿ ಹಿಕ್ಕೆ ಹುಡುಕುವುದು ನನ್ನ ಅಭ್ಯಾಸ.

ಬ್ಯಾಟರಿಯನ್ನೂ ಮರೆಯಬೇಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಚೆನ್ನಾಗಿದ್ದರೆ 12.6 ವೋಲ್ಟ್ ಹತ್ತಿರ ಇರಬೇಕು. ಎಂಜಿನ್ ಓಡುವಾಗ 14ರ ಆಸುಪಾಸು. ಸೆಲ್ಫ್ ಹೊಡೆದ ಮೇಲೆ ಮಾತ್ರ ಸೆಟ್ ಆನ್ ಆಗುತ್ತದೆ ಅಂದರೆ ಬ್ಯಾಟರಿ ಸೋತಿರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಇದ್ದರೆ ಸೆಟ್ಟನ್ನು ಹೊರಗೆ ತೆಗೆಯಿರಿ. ತೆಗೆಯುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಬೇರೊಂದು 12 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಹಳದಿ ಕೆಂಪು ಎರಡನ್ನೂ ಸೇರಿಸಿ, 10 ಆಂಪಿಯರ್ ಫ್ಯೂಸ್ ಮೂಲಕವೇ ಕೊಡಿ. ಕಪ್ಪು ಮೈನಸ್‌ಗೆ. ಅಲ್ಲೂ ಲೈಟ್ ಬರದಿದ್ದರೆ ಮಾತ್ರ ದೋಷ ಸೆಟ್ ಒಳಗಿದೆ. ಆಗಲೂ ಎಸೆಯಬೇಡಿ, ಯಾವಾಗಲಾದರೂ ಬ್ಯಾಟರಿ ಉಲ್ಟಾ ಕನೆಕ್ಟ್ ಆಗಿತ್ತಾ ಅಂತ ನೆನಪಿಸಿಕೊಳ್ಳಿ. ಹಾಗೆ ಆದಾಗ ಬಹಳ ಸೆಟ್‌ಗಳಲ್ಲಿ ಒಳಗಿನ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ) ತಾನು ಶಾರ್ಟ್ ಆಗಿ ಉಳಿದ ಭಾಗವನ್ನು ಕಾಪಾಡುತ್ತದೆ. ಅದನ್ನು ಬದಲಿಸಿಕೊಡುವ ರಿಪೇರಿಯವರು ಈಗಲೂ ಸಿಗುತ್ತಾರೆ.