ಓಡ್ತಿದ್ದ ಕಾರು ದಿಢೀರ್ ಆಫ್ ಆದ್ರೆ: ಪೋರ್ಷೆ 944 ಮತ್ತು ಸದ್ದಿಲ್ಲದ ಪೆಟ್ರೋಲ್ ಪಂಪು

ಮೂರು ದಿನ ಒಂದೇ ಕಾರಿನ ಮುಂದೆ ಕೂತಿದ್ದೆ. ಅರ್ಥ ಆಗಿದ್ದು ಆರಿ ಹೋಗೋಕೆ ಮುಂಚೆ ಬರೆದಿಡ್ತಿದ್ದೀನಿ. ನನ್ನ ಹಾಗೆ ಡಿಪ್ಲೊಮಾ ಓದ್ತಾ, ಸಂಜೆ ಗ್ಯಾರೇಜಿನಲ್ಲಿ ಕೆಲಸ ಕಲೀತಿರೋರಿಗೆ ಇದು. ಬ್ಯಾಟರಿ ನೋಡೋದು, ಟರ್ಮಿನಲ್ ಉಜ್ಜೋದು, ಫ್ಯೂಸ್ ತೆಗೆದು ಬೆಳಕಿಗೆ ಹಿಡಿಯೋದು ಎಲ್ಲರಿಗೂ ಗೊತ್ತು, ಅದನ್ನ ಬರೆಯೋಲ್ಲ.

ಗಾಡಿ ಪೋರ್ಷೆ 944. ಈ ಮಾದರಿ ತಯಾರಾಗಿದ್ದು 1982ರಿಂದ 1991ರವರೆಗೆ. ನಮ್ಮ ಹತ್ರ ಬಂದಿದ್ದರಲ್ಲಿ 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಪೆಟ್ರೋಲು, ಸ್ಪಾರ್ಕು ಎರಡನ್ನೂ ಒಂದೇ ಕಂಪ್ಯೂಟರ್ ನೋಡ್ಕೊಳ್ಳುತ್ತೆ, ಬಾಷ್ ಮೋಟ್ರಾನಿಕ್. ಮಾಲೀಕರು ಬೆಂಗಳೂರಿಂದ ಬರ್ತಾ ಚಿತ್ರದುರ್ಗ ದಾಟಿ ಭರಮಸಾಗರದ ಹತ್ರ ಹೈವೇಲಿ ನಿಂತುಬಿಟ್ಟಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಎಂಜಿನ್ ಮಾತ್ರ ಹತ್ತಲ್ಲ. ಒಂದು ತಾಸು ಬೇವಿನ ನೆರಳಲ್ಲಿ ಕೂತು ಮತ್ತೆ ಹೊಡೆದ್ರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್. ಇದು ಮೂರನೇ ಸಲವಂತೆ. ಮೊದಲನೇ ಸಲ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಹೊಸ ಪೆಟ್ರೋಲ್ ಪಂಪು ಹಾಕಿಸಿದ್ದರು. ಅದಕ್ಕೆ ದುಡ್ಡು ಹೋಯ್ತು, ಕಾಯಿಲೆ ಹೋಗಲಿಲ್ಲ.

ಕಾರು ಮುಟ್ಟೋಕೆ ಮುಂಚೆ ಕೇಳಬೇಕಾದ್ದು

ನಮ್ಮ ಉಸ್ತಾದರು ಬಾನೆಟ್ ಎತ್ತಲೇ ಇಲ್ಲ. ಮಾಲೀಕರಿಗೆ ಕುರ್ಚಿ ಹಾಕಿ, ಚಹಾ ತರಿಸಿ ಕೇಳಿದರು: "ಸಾಹೇಬ್ರೇ, ಆಫ್ ಆಗೋವಾಗ ಮುಕ್ಕರಿಸಿ ಮುಕ್ಕರಿಸಿ ನಿಂತಿತಾ, ಇಲ್ಲಾ ಚಾವಿ ತಿರುವಿದ ಹಾಗೆ ಒಂದೇ ಏಟಿಗೆ ಹೋಯ್ತಾ?"

"ಒಂದೇ ಏಟಿಗೆ."

"ಗೇರಲ್ಲೇ ಇತ್ತಲ್ಲ? ಆರ್‌ಪಿಎಂ ಮುಳ್ಳು ನೋಡಿದ್ರಾ?"

ಮಾಲೀಕರು ನೋಡಿದ್ದರು. ಗಾಡಿ ಇನ್ನೂ ಉರುಳ್ತಾ ಇತ್ತು, ಕ್ಲಚ್ ಒತ್ತಿರಲಿಲ್ಲ, ಆದರೂ ಮುಳ್ಳು ಪಟ್ಟನೆ ಸೊನ್ನೆಗೆ ಬಿತ್ತು ಅಂದರು.

ಈ ಒಂದು ಮಾತಲ್ಲಿ ಅರ್ಧ ಉತ್ತರ ಇದೆ. ಗಾಡಿ ಗೇರಲ್ಲಿದ್ದು ಉರುಳ್ತಿದ್ರೆ, ಬೆಂಕಿ ಆರಿದ್ರೂ ಚಕ್ರಗಳೇ ಎಂಜಿನ್ ತಿರುಗಿಸ್ತಿರ್ತವೆ. ಈ ಮುಳ್ಳು ಓಡೋದು ಕಾಯಿಲ್‌ಗೆ, ಅಂದ್ರೆ ಸ್ಪಾರ್ಕಿಗೆ ಹೈ ವೋಲ್ಟೇಜ್ ಮಾಡಿಕೊಡೋ ಸುರುಳಿಗೆ, ಬರೋ ಕರೆಂಟಿನ ಬಡಿತ ಎಣಿಸಿ. ಬರೀ ಪೆಟ್ರೋಲ್ ನಿಂತಿದ್ರೆ ಕಾಯಿಲ್‌ಗೆ ಕಂಪ್ಯೂಟರ್ ಬಡಿತ ಕೊಡ್ತಾನೇ ಇರುತ್ತೆ, ಮುಳ್ಳು ಗಾಡಿಯ ವೇಗದ ಜೊತೆ ನಿಧಾನಕ್ಕೆ ಇಳಿಯುತ್ತೆ. ಎಂಜಿನ್ ತಿರುಗ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿತ್ತು ಅಂದ್ರೆ ಕಾಯಿಲ್‌ಗೆ ಬಡಿತವೇ ನಿಂತಿದೆ. ಅಂದ್ರೆ ಕರೆಂಟಿನ ತೊಂದರೆ. ಇದನ್ನ ಆ ಕ್ಷಣಕ್ಕೆ ನಾನು ನೋಟ್‌ಬುಕ್ಕಲ್ಲಿ ಬರೆದುಕೊಂಡೆ, ಆದರೆ ಕೆಲಸಕ್ಕೆ ಕೂತಾಗ ಬಳಸಲಿಲ್ಲ. ಎರಡು ಸಂಜೆ ಹೋಗಿದ್ದು ಅದಕ್ಕೇ.

ಟೈಮಿಂಗ್ ಬೆಲ್ಟು

ಚಿಕ್ಕದಾಗಿ ಹೇಳ್ತೀನಿ, ಆದರೆ ಇದೇ ಮೊದಲು ನೋಡಬೇಕಾದ್ದು. ವಾಲ್ವು ತೆರೆಯೋ ಕ್ಯಾಮ್‌ಶಾಫ್ಟನ್ನ ಎಂಜಿನ್ನಿನ ಜೊತೆ ತಿರುಗಿಸೋ ಬೆಲ್ಟ್ ಇದು. 944ರಲ್ಲಿ ಅದು ಹರಿದ್ರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತೆ. ಸೆಲ್ಫ್ ಹೊಡೆದಾಗ ಯಾವತ್ತಿನ ತಡೆ ಇಲ್ಲದೆ ಗಿರ್ರನೆ ಹಗುರಾಗಿ ತಿರುಗಿದ್ರೆ ಅಲ್ಲಿಗೇ ನಿಲ್ಲಿಸಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಪಾನಾ ಹಾಕಿ ಎಂಜಿನ್ನನ್ನ ಕೈಯಲ್ಲಿ ಸ್ವಲ್ಪ ತಿರುಗಿಸಿ. ಈ ಎಂಜಿನ್ನಿನಲ್ಲಿ ಕ್ಯಾಪಿನ ಒಳಗೆ ತಿರುಗೋ ರೋಟರ್ ಕ್ಯಾಮ್‌ಶಾಫ್ಟಿನ ತುದಿಯಲ್ಲೇ ಇದೆ. ರೋಟರ್ ಅಲ್ಲಾಡದಿದ್ರೆ ಬೆಲ್ಟ್ ಹೋಗಿದೆ. ನಮ್ಮ ಗಾಡಿ ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆಗ್ತಿತ್ತು, ಹಾಗಾಗಿ ಬೆಲ್ಟಿನ ಅನುಮಾನ ಇರಲಿಲ್ಲ. ರಬ್ಬರ್ ಪೈಪುಗಳಲ್ಲಿ ಪೆಟ್ರೋಲ್ ವಾಸನೆ ಇದ್ಯಾ ಅಂತಲೂ ಇದೇ ಹೊತ್ತಲ್ಲಿ ಮೂಸಿ ನೋಡಿ. ವಾಸನೆ ಇದ್ರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಮೊದಲು ಪೈಪು.

ಪಂಪು ಸುಮ್ಮನಿದೆ ಅಂದ್ರೆ ಏನು? (ನಾನು ಎಡವಿದ್ದು ಇಲ್ಲಿ)

ಇಲ್ಲಿ ನಿಧಾನವಾಗಿ ಓದಿ. ನಾನಂತೂ ನಾಲ್ಕು ಸಲ ಬರೆದು ನೋಡಿದೆ.

ನಾವು ದಿನಾ ನೋಡೋ ಇಂಜೆಕ್ಷನ್ ಕಾರುಗಳಲ್ಲಿ ಚಾವಿ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ "ಗುಂಯ್" ಅಂತ ಕೇಳಿಸುತ್ತೆ. ಕಿವಿ ಅದಕ್ಕೇ ಒಗ್ಗಿಹೋಗಿದೆ. 944ರಲ್ಲಿ ಚಾವಿ ಆನ್ ಮಾಡಿದೆ, ಸದ್ದಿಲ್ಲ. ಪಂಪಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ, ಓಡಿತು. ಸರಿ, ಪಂಪು ಸರಿ ಇದೆ, ನಡುವೆ ವೈರ್ ಕಟ್ಟಾಗಿದೆ ಅಂತ ತೀರ್ಮಾನ ಮಾಡಿ ಕಾರಿನಡಿ ಮಲಗಿ ವೈರ್ ಹಿಡಿದುಕೊಂಡು ಹೋದೆ. ಎಲ್ಲೂ ಕಟ್ಟಾಗಿರಲಿಲ್ಲ.

ಎರಡನೇ ಸಂಜೆ ಉಸ್ತಾದರು ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತರು. "ತಮ್ಮಾ, ನಿಮ್ಮ ತೋಟದ ಬೋರ್ ಮೋಟ್ರು ಓಡಲಿಲ್ಲ ಅಂದ್ರೆ ಮೊದಲೇ ಪೈಪು ಮೇಲೆತ್ತಿಸ್ತೀಯಾ?"

"ಇಲ್ಲ ಉಸ್ತಾದ್, ಸ್ಟಾರ್ಟರ್ ಡಬ್ಬಿ ನೋಡ್ತೀವಿ."

"ಮತ್ತೆ ಇಲ್ಲಿ ಯಾಕೆ ಮೋಟ್ರು ಹತ್ರ ಮಲಗಿದ್ದೀಯಾ? ಈ ಪಂಪು ಯಾರ ಮಾತು ಕೇಳಿ ಓಡುತ್ತೆ, ಅದನ್ನ ಹೇಳು."

ಆಗ ಸರ್ಕಿಟ್ ಹಾಳೆ ಬಿಚ್ಚಿದೆ. ಇದರಲ್ಲಿ ಡಿಎಂಇ ರಿಲೇ ಅಂತ ಒಂದಿದೆ. ಡಿಎಂಇ ಅಂದ್ರೆ ಅದೇ ಮೋಟ್ರಾನಿಕ್ ಕಂಪ್ಯೂಟರ್, ರಿಲೇ ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು. ಹೊರಗಿಂದ ಒಂದೇ ಡಬ್ಬಿ, ಒಳಗೆ ಎರಡು ರಿಲೇ. ಮೊದಲನೇದು ಚಾವಿ ಆನ್ ಮಾಡಿದ ಕೂಡಲೇ ಕಚ್ಚುತ್ತೆ, ಅಂದ್ರೆ ಆನ್ ಆಗುತ್ತೆ. 30ನೇ ಕಾಲಿಗೆ (ಪಿನ್ನಿಗೆ) ಬ್ಯಾಟರಿಯಿಂದ ಬಂದ ಕರೆಂಟನ್ನ 87ರ ಮೂಲಕ ಕಂಪ್ಯೂಟರಿಗೆ ಕೊಡುತ್ತೆ. ಎರಡನೇದು ಪಂಪಿನದು, ಅದರ ಕರೆಂಟ್ ಹೊರಡೋದು 87ಬಿ ಕಾಲಿಂದ. ಈ ಎರಡನೇದು ಚಾವಿ ತಿರುವಿದ್ದಕ್ಕೆ ಕಚ್ಚಲ್ಲ. ಎಂಜಿನ್ ತಿರುಗ್ತಿದೆ ಅಂತ ಕಂಪ್ಯೂಟರಿಗೆ ಖಾತ್ರಿ ಆದ ಮೇಲೆ, ಕಂಪ್ಯೂಟರೇ ಅದಕ್ಕೆ ಅರ್ಥ್ ಕೊಟ್ಟಾಗ ಮಾತ್ರ ಕಚ್ಚುತ್ತೆ. ಅಪಘಾತ ಆಗಿ ಎಂಜಿನ್ ನಿಂತ್ರೆ ಪಂಪು ಪೆಟ್ರೋಲ್ ಸುರೀತಾ ಇರಬಾರದು, ಅದಕ್ಕೆ ಹೀಗೆ.

ಅಂದ್ರೆ ಬರೀ ಚಾವಿ ಆನ್ ಮಾಡಿದಾಗ ಈ ಕಾರಿನ ಪಂಪು ಸುಮ್ಮನಿರೋದೇ ಸರಿ. ಆರೋಗ್ಯವಾಗಿರೋ ಗಾಡಿಯಲ್ಲೂ ಸದ್ದು ಬರಲ್ಲ. ಇಲ್ಲದ ಕಾಯಿಲೆಯನ್ನ ನಾನು ಹುಡುಕ್ತಿದ್ದೆ.

ಇನ್ನು ಸೆಲ್ಫ್ ಹೊಡೆಯುವಾಗಲೂ ಪಂಪು ಓಡದಿದ್ರೆ? ಆಗಲೂ ಪಂಪಿನ ಮೇಲೆ ಹೋಗಬೇಡಿ. ಕಂಪ್ಯೂಟರಿಗೇ ಕರೆಂಟ್ ಇಲ್ಲದಿದ್ರೆ ಪಂಪು ಓಡಲ್ಲ. ಕರೆಂಟ್ ಇದ್ದು, ಎಂಜಿನ್ ತಿರುಗೋದು ಅದಕ್ಕೆ ಕಾಣದಿದ್ರೂ ಓಡಲ್ಲ. ಪಂಪಿನ ಮೌನ ಕೊನೆಯ ಕೊಂಡಿ, ಕಾರಣ ಮೂರು ಮೆಟ್ಟಿಲು ಹಿಂದೆ ಇರಬಹುದು. ಬೇರೆ ಊರಲ್ಲಿ ಹೊಸ ಪಂಪು ಹಾಕಿದವರೂ ಇದೇ ಕೊನೆಯ ಕೊಂಡಿಯಲ್ಲಿ ನಿಂತಿರಬೇಕು.

ಹಾಗಾಗಿ ಪಂಪು ಮತ್ತು ಆರ್‌ಪಿಎಂ ಮುಳ್ಳು, ಎರಡನ್ನೂ ಒಟ್ಟಿಗೆ ಓದಬೇಕು. ಸೆಲ್ಫ್ ಹೊಡೆಯುವಾಗ ಮುಳ್ಳು ಸೊನ್ನೆಯಿಂದ ಮೇಲೆದ್ದು ಸಣ್ಣಗೆ ನಡುಗಬೇಕು. ಮುಳ್ಳು ನಡುಗ್ತಿದೆ, ಪಂಪು ಮಾತ್ರ ಓಡ್ತಿಲ್ಲ ಅಂದ್ರೆ ಕಂಪ್ಯೂಟರ್ ಬದುಕಿದೆ. ಪಂಪಿನ ಫ್ಯೂಸು, ರಿಲೇಯ 87ಬಿ ಭಾಗ, ವೈರು, ಪಂಪು ಆಗ ನೋಡಿ. ಮುಳ್ಳೂ ಸತ್ತಿದೆ, ಪಂಪೂ ಸತ್ತಿದೆ ಅಂದ್ರೆ ಒಂದೋ ಕಂಪ್ಯೂಟರಿಗೆ ಕರೆಂಟ್ ಇಲ್ಲ, ಇಲ್ಲಾ ಎಂಜಿನ್ ತಿರುಗೋದನ್ನ ಕಂಪ್ಯೂಟರಿಗೆ ತಿಳಿಸೋ ಸೆನ್ಸರು ಕುರುಡಾಗಿದೆ. ಎರಡೂ ಸರಿ ಇದ್ದೂ ಹತ್ತಲ್ಲ ಅಂದ್ರೆ ಕಾಯಿಲಿನ ದಪ್ಪ ವೈರು, ರೋಟರ್, ಇಂಜೆಕ್ಟರ್ ಕಡೆ ಹೋಗಿ. ಬೆಲ್ಟ್ ಹರಿದಾಗಲೂ ಹೀಗೇ ಕಾಣುತ್ತೆ, ಯಾಕಂದ್ರೆ ಸೆನ್ಸರ್ ಓದೋದು ಎಂಜಿನ್ನಿನ ಹಿಂತುದಿಯ ದೊಡ್ಡ ಚಕ್ರವಾದ ಫ್ಲೈವೀಲನ್ನ, ಕ್ಯಾಮನ್ನಲ್ಲ. ಸ್ಪಾರ್ಕ್ ನೋಡೋಕೆ ಟೆಸ್ಟರ್ ಬಳಸಿ, ದಪ್ಪ ವೈರನ್ನ ಕೈಯಲ್ಲಿ ಹಿಡಿಯೋ ಹಳೇ ರೂಢಿ ಬೇಡವೇ ಬೇಡ.

ಮೂರು ಕಾಲಿಗೆ ಒಂದು ವೈರು

ಹೈವೇಲಿ ನಿಂತಾಗ ನಮ್ಮದು ಮುಳ್ಳೂ ಸತ್ತ ಕೇಸು. ಈಗ ರಿಲೇನಾ, ಸೆನ್ಸರಾ? ಇದಕ್ಕೊಂದು ಅಡ್ಡದಾರಿ ಇದೆ, ನನಗೆ ತುಂಬಾ ಹಿಡಿಸಿತು. ರಿಲೇ ಕಿತ್ತು, ಸಾಕೆಟ್ಟಿನಲ್ಲಿ 30, 87, 87ಬಿ ಈ ಮೂರನ್ನ ದಪ್ಪ ವೈರಿಂದ ಸೇರಿಸಿ. ಕಂಪ್ಯೂಟರಿಗೂ ಪಂಪಿಗೂ ನೇರ ಕರೆಂಟ್ ಹೋಯ್ತು. ಈಗ ಎಂಜಿನ್ ಹತ್ತಿದ್ರೆ ತಪ್ಪು ರಿಲೇಯದು ಅಥವಾ ರಿಲೇಯನ್ನ ಕಚ್ಚಿಸೋ ಚಾವಿ ಕರೆಂಟಿನದು. ಪಂಪು ಓಡ್ತಿದ್ರೂ ಮುಳ್ಳು ನಡುಗದಿದ್ರೆ ಸೆನ್ಸರಿನ ಕಡೆ ಹೋಗಿ.

ಇದು ಪರೀಕ್ಷೆ ಅಷ್ಟೇ, ರಿಪೇರಿ ಅಲ್ಲ. ಆ ವೈರ್ ಇದ್ದಷ್ಟು ಹೊತ್ತು ಚಾವಿ ತೆಗೆದ್ರೂ ಪಂಪು ಓಡ್ತಾನೇ ಇರುತ್ತೆ. ಅಪಘಾತ ಆದ್ರೂ ನಿಲ್ಲಲ್ಲ. ನೋಡಿದ ತಕ್ಷಣ ಕೀಳಿ.

ತೊಡಕು ಏನಂದ್ರೆ, ಗ್ಯಾರೇಜಿಗೆ ಬಂದ ಮೇಲೆ ಗಾಡಿ ಪ್ರತಿ ಸಲ ಸ್ಟಾರ್ಟ್ ಆಗ್ತಿತ್ತು. ತಣ್ಣಗಿರೋ ಗಾಡಿಯಲ್ಲಿ ಯಾವ ಪರೀಕ್ಷೆ ಮಾಡಿದ್ರೂ ಎಲ್ಲಾ ಸರಿ ಅಂತಲೇ ಬರುತ್ತೆ. ಕಾಯಿಲೆ ಬರೋದು ಬಿಸಿಯಲ್ಲಿ, ಹಾಗಾಗಿ ಬಿಸಿಯಲ್ಲೇ ಹಿಡೀಬೇಕು. ಮೂರನೇ ದಿನ ಮನೆಯಿಂದ ಅಕ್ಕನ ಹೇರ್ ಡ್ರೈಯರ್ ತಂದೆ. ರಿಲೇ ಬಿಚ್ಚಿ ಬೆಂಚಿನ ಮೇಲಿಟ್ಟು ಅದನ್ನ ಕಚ್ಚಿಸೋ ಕಾಲುಗಳಿಗೆ, 86ಕ್ಕೆ ಪ್ಲಸ್, 85ಕ್ಕೆ ಮೈನಸ್ ಕೊಟ್ಟೆ. ಟಕ್ ಅಂತ ಕಚ್ಚಿತು. 30 ಮತ್ತು 87ರ ನಡುವೆ ಮೀಟರ್ ಬೀಪ್ ಅಂತಿತ್ತು. ಡ್ರೈಯರ್ ಹಿಡಿದೆ. ಒಂದು ನಿಮಿಷ, ಎರಡು, ಮೂರು. ನಾಲ್ಕನೇ ನಿಮಿಷಕ್ಕೆ ಬೀಪ್ ನಿಂತಿತು. ಸ್ಕ್ರೂಡ್ರೈವರ್ ಹಿಡಿಯಿಂದ ಡಬ್ಬಿಗೆ ಮೆತ್ತಗೆ ತಟ್ಟಿದೆ, ಬೀಪ್ ಬಂತು, ಮತ್ತೆ ಹೋಯ್ತು.

ಮುಚ್ಚಳ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆವು. ಬೆಸುಗೆ ಮೇಲ್ನೋಟಕ್ಕೆ ಚೆನ್ನಾಗೇ ಇತ್ತು. ಬೋರ್ಡನ್ನ ಬೆಳಕಿಗೆ ಓರೆ ಮಾಡಿದಾಗ ಒಂದು ಕಾಲಿನ ಬುಡದಲ್ಲಿ, ಬೆಸುಗೆಯ ಗುಡ್ಡದ ನಡುವೆ, ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡಿತು. ಕಾಲು ಒಂದು ಕಡೆ, ಬೆಸುಗೆ ಒಂದು ಕಡೆ. ಮೂವತ್ತೈದು ವರ್ಷ ಕಾದು ಆರಿ, ಕಾದು ಆರಿ ಬಿಟ್ಟ ಬಿರುಕು. ಬಿಸಿಗೆ ಹಿಗ್ಗಿದಾಗ ಕರೆಂಟ್ ಬಿಡುತ್ತೆ, ತಣ್ಣಗಾದಾಗ ಸೇರುತ್ತೆ. ಬೇವಿನ ನೆರಳಿನ ಒಂದು ತಾಸು ಮಾಡ್ತಿದ್ದ ಕೆಲಸ ಇದೇ.

ಹೊಸ ರಿಲೇ ತರಿಸಿ ಹಾಕಿದೆವು. ಹಳೇದಕ್ಕೆ ಹಳೇ ಬೆಸುಗೆ ಹೀರಿ ತೆಗೆದು ಹೊಸದಾಗಿ ಹಾಕಿದೆ. ಮತ್ತೆ ಡ್ರೈಯರ್ ಹಿಡಿದು ಹತ್ತು ನಿಮಿಷ ನೋಡಿದೆ, ಬೀಪ್ ನಿಲ್ಲಲಿಲ್ಲ. ಅದು ಈಗ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸ್ಟೆಪ್ನಿ ಹಾಗೆ ಇದೆ.

ಸೆನ್ಸರು: ಈ ಸಲ ತಪ್ಪಿತಸ್ಥ ಅಲ್ಲ, ಆದರೂ ಅಳೆದಿಟ್ಟೆ

ಫ್ಲೈವೀಲ್ ಹತ್ರ ಎರಡು ಸೆನ್ಸರು. ಒಂದು ವೇಗದ್ದು, ಫ್ಲೈವೀಲಿನ 132 ಹಲ್ಲು ಎಣಿಸುತ್ತೆ. ಇನ್ನೊಂದು ರೆಫರೆನ್ಸು, ಸುತ್ತಿಗೆ ಒಂದೇ ಸಲ ಒಂದು ಪಿನ್ನು ದಾಟಿದ್ದನ್ನ ಗುರುತಿಸುತ್ತೆ. 1 ಮತ್ತು 2ನೇ ಪಿನ್ನಿನ ನಡುವೆ 600ರಿಂದ 1,600 ಓಮ್ ಬರಬೇಕು. ಫ್ಲೈವೀಲಿಗೂ ಸೆನ್ಸರಿಗೂ ನಡುವಿನ ಸಂದು ಸುಮಾರು 0.8 ಮಿ.ಮೀ. ಎರಡರ ಪ್ಲಗ್ಗೂ ಒಂದೇ ಥರ, ಅಕ್ಕಪಕ್ಕದಲ್ಲೇ ಇರ್ತವೆ. ಅದಲುಬದಲಾದ್ರೆ ಗಾಡಿ ಹತ್ತಲ್ಲ, ಹಾಗಾಗಿ ಬಿಚ್ಚೋಕೆ ಮುಂಚೆ ಒಂದಕ್ಕೆ ಬಿಳಿ ಪೇಂಟಿನ ಚುಕ್ಕೆ ಇಟ್ಟೆ.

ನಿನ್ನೆ ಮಧ್ಯಾಹ್ನ ಬೇಕಂತಲೇ ಬಿಸಿಲು ನೋಡಿ ಚಿತ್ರದುರ್ಗಕ್ಕೆ ಹೋಗಿ ಬಂದೆವು. ಎಲ್ಲೂ ನಿಲ್ಲಲಿಲ್ಲ. ವಾಪಸ್ ಬಂದ ಕೂಡಲೇ, ಬಾನೆಟ್ ಕೈ ಸುಡ್ತಿರುವಾಗಲೇ, ಎರಡೂ ಸೆನ್ಸರು ಅಳೆದೆ. ಬೆಳಿಗ್ಗೆ ತಣ್ಣಗಿದ್ದಾಗ ವೇಗದ್ದು 940, ಬಿಸಿಯಲ್ಲಿ 1,120. ರೆಫರೆನ್ಸು 955, ಬಿಸಿಯಲ್ಲಿ 1,135. ತಾಮ್ರದ ಸುರುಳಿ ಬಿಸಿಗೆ ಇಷ್ಟು ಏರೋದು ಸಹಜ. ನಾಲ್ಕೂ ಅಂಕಿಯನ್ನ ತಾರೀಕಿನ ಜೊತೆ ಒಂದು ಚೀಟಿಯಲ್ಲಿ ಬರೆದು, ಹಳೇ ರಿಲೇಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದೀನಿ.