ನೋಮೋಡ್‌ಸೆಟ್ ಅಂದರೆ ಏನು?

ಲಿನಕ್ಸ್ ಹಾಕಿದ ಮೇಲೆ ಸ್ಕ್ರೀನ್ ಕಪ್ಪಾಗಿ ನಿಂತರೆ, ತಿಳಿದವರು ಮೊದಲು ಹೇಳುವುದು ‘ನೋಮೋಡ್‌ಸೆಟ್ ಹಾಕಿ ನೋಡಿ’ ಅಂತ. ಅದೇನು ಅಂತ ಬಿಡಿಸಿ ಹೇಳುವವರು ಕಡಿಮೆ.

ಮೋಡ್ ಅಂದರೆ ಸ್ಕ್ರೀನಿನ ಅಳತೆ, ಬಣ್ಣ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗಬೇಕು ಅನ್ನುವ ಲೆಕ್ಕ. 1920×1080, 60 ಹರ್ಟ್ಜ್ ಅಂತೀವಲ್ಲ, ಅದು. ಇದನ್ನು ಹೊಂದಿಸುವ ಕೆಲಸ ಮೊದಲು ಕಿಟಕಿ, ಚಿತ್ರಗಳನ್ನು ತೋರಿಸುವ ‘ಎಕ್ಸ್ ಸರ್ವರ್’ ಎಂಬ ಪ್ರೋಗ್ರಾಮಿನದಾಗಿತ್ತು. 2009ರ 2.6.29 ಆವೃತ್ತಿಯಿಂದ ಲಿನಕ್ಸಿನ ತಿರುಳಾದ ಕರ್ನಲ್ಲೇ ಅದನ್ನು ವಹಿಸಿಕೊಂಡಿತು, ಮೊದಲು ಇಂಟೆಲ್ ಗ್ರಾಫಿಕ್ಸ್‌ಗೆ, ಆಮೇಲೆ ಉಳಿದವಕ್ಕೆ. ಒಳ್ಳೆಯ ಬದಲಾವಣೆಯೇ. ಆದರೆ ಗ್ರಾಫಿಕ್ಸ್ ಕಾರ್ಡಿಗೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೂ ಹೊಂದಾಣಿಕೆ ಆಗದಿದ್ದರೆ ಲಾಗಿನ್ ಬರುವ ಮೊದಲೇ ಎಲ್ಲ ಕತ್ತಲು. ‘ಆ ಕೆಲಸಕ್ಕೆ ಕೈ ಹಾಕಬೇಡ, ಬಯಾಸ್ ಕೊಟ್ಟ ಸಾದಾ ಚಿತ್ರದಲ್ಲೇ ನಡೆಸು’ ಅಂತ ಕರ್ನಲ್‌ಗೆ ಹೇಳುವ ಪದವೇ ನೋಮೋಡ್‌ಸೆಟ್.

ವಿಜಯನಗರದಲ್ಲಿರುವ ನನ್ನ ತಂಗಿ ಮಗ ಎಸ್‌ಪಿ ರೋಡಿನಿಂದ ಹಳೇ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿಕೊಂಡಿದ್ದ. ಉಬುಂಟು ಇನ್‌ಸ್ಟಾಲ್ ಆಯಿತು, ರೀಸ್ಟಾರ್ಟ್ ಮಾಡಿದರೆ ಬರೀ ಕಪ್ಪು. ‘ಮಾಮ, ಕಾರ್ಡ್ ಹೋಗಿದೆ ಅನ್ಸುತ್ತೆ, ವಾಪಸ್ ಕೊಟ್ಬಿಡ್ಲಾ?’ ಅಂತ ಫೋನ್ ಮಾಡಿದ. ಆನ್ ಮಾಡಿದಾಗ ಲೋಗೋ ಬರುತ್ತಾ ಅಂತ ಕೇಳಿದೆ. ಬರುತ್ತೆ ಅಂದ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತಿ ಆರುತ್ತಾ? ಅದೂ ಹೌದು. ಹಾಗಿದ್ದರೆ ಕಾರ್ಡೂ ಕೇಬಲ್ಲೂ ಚಿತ್ರ ಕೊಡುತ್ತಿವೆ, ಒಳಗೆ ಸಿಸ್ಟಮ್ ಓಡುತ್ತಲೂ ಇದೆ. ಡ್ರೈವರನ್ನೇ ಮೊದಲು ಅನುಮಾನಿಸಬೇಕು.

ಕಂಪ್ಯೂಟರ್ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ‘ಗ್ರಬ್’ನ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಗೆ, ‘ಕ್ವಯಟ್ ಸ್ಪ್ಲಾಶ್’ ಆದ ಮೇಲೆ, ಈ ಪದ ಸೇರಿಸಿ ಎಫ್10 ಒತ್ತಲು ಹೇಳಿದೆ. ಮತ್ತೆ ಕಪ್ಪು! ವಿಡಿಯೋ ಕಾಲ್‌ನಲ್ಲಿ ನೋಡಿದರೆ ‘ನೋ’ ಆದ ಮೇಲೆ ಒಂದು ಸ್ಪೇಸ್ ಬಿಟ್ಟಿದ್ದ. ನೋ, ಮೋಡ್, ಸೆಟ್ ಮೂರೂ ಭಾಗ ಅಂಟಿಕೊಂಡೇ ಇರಬೇಕು, ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ: nomodeset. ತಪ್ಪಿದರೆ ಎರರ್ ಏನೂ ಬರುವುದಿಲ್ಲ, ಕರ್ನಲ್ ಸುಮ್ನೆ ಮುಂದೆ ಹೋಗುತ್ತದೆ. ಸರಿಮಾಡಿದ ಮೇಲೆ ದಪ್ಪ ದಪ್ಪ ಅಕ್ಷರದ ಡೆಸ್ಕ್‌ಟಾಪ್ ಬಂತು. ‘ಅಡಿಷನಲ್ ಡ್ರೈವರ್ಸ್’ನಲ್ಲಿ ಸರಿಯಾದ ಡ್ರೈವರ್ ಹಾಕಿ, ಈ ಪದ ಇಲ್ಲದೆಯೇ ರೀಸ್ಟಾರ್ಟ್ ಮಾಡಿದ. ಎಲ್ಲ ಸರಿಹೋಯಿತು.

ಇನ್‌ಸ್ಟಾಲ್ ಮಾಡುವಾಗಲೇ ಕಪ್ಪಾದರೆ ಪೆನ್‌ಡ್ರೈವ್ ಮೆನುವಿನಲ್ಲಿ ‘ಸೇಫ್ ಗ್ರಾಫಿಕ್ಸ್’ ಆರಿಸಿ. ಅದು ಹಾಕುವುದೂ ಇದೇ ಪದವನ್ನೇ.

ಗ್ರಬ್‌ನಲ್ಲಿ ಹೀಗೆ ಬರೆದದ್ದು ಆ ಒಂದು ಬೂಟ್‌ಗೆ ಮಾತ್ರ. ತುಂಬಾ ಜನ ಇದನ್ನು ಗ್ರಬ್ ಸೆಟ್ಟಿಂಗ್ಸ್ ಫೈಲಿನಲ್ಲೇ ಬರೆದು ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಅದು ನನಗೆ ಬೇಸರ. ಆಗ ಗ್ರಾಫಿಕ್ಸ್ ಕೆಲಸವೆಲ್ಲ ಪ್ರಾಸೆಸರ್ ತಲೆಗೆ ಬೀಳುತ್ತದೆ, ವಿಡಿಯೋ ತಡವರಿಸುತ್ತದೆ, ಫ್ಯಾನ್ ಸದ್ದು ಜಾಸ್ತಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬ್ರೈಟ್‌ನೆಸ್ ಕೂಡ ಬದಲಾಗುವುದಿಲ್ಲ, ‘ಲಿನಕ್ಸ್ ನಿಧಾನ’ ಅನ್ನುವ ದೂರು ಬೇರೆ. ನಿಮ್ಮದೂ ಹಾಗೇ ಅನ್ನಿಸಿದರೆ ಪ್ರಾಕ್ ಫೋಲ್ಡರಿನ ‘ಸಿಎಂಡಿಲೈನ್’ ಫೈಲ್ (/proc/cmdline) ತೆರೆದು ನೋಡಿ, ಈ ಸಲದ ಬೂಟ್‌ನಲ್ಲಿ ಕರ್ನಲ್‌ಗೆ ಕೊಟ್ಟ ಪದಗಳು ಅದರಲ್ಲಿರುತ್ತವೆ. ಈ ಪದ ಕಂಡರೆ, ಸರಿಯಾದ ಡ್ರೈವರ್ ಹಾಕಿ, ಸೆಟ್ಟಿಂಗ್ಸ್‌ನಿಂದ ಅಳಿಸಿ, ‘ಅಪ್‌ಡೇಟ್-ಗ್ರಬ್’ (update-grub) ಕಮಾಂಡ್ ಓಡಿಸಿ.